ಬೆಕ್ಕಿನ ಸೇಡು ಅಂತ ಒಂದು ವಿಡಿಯೋ, ನಮ್ಮ ಗುಂಪಿನಲ್ಲಿ ಒಂದು ಜಗಳ

ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಬೆಕ್ಕು ಸಾಕಿದವರಿಗೆ ಉಪಯೋಗ ಆಗಬಹುದು ಅಂತ ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರಿನ ಬದಲು ಅವರು ನನಗೆ ಏನಾಗಬೇಕೋ ಅದನ್ನು ಬರೆದಿದ್ದೇನೆ. ಬೇರೆ ವಿಷಯದ ಮೆಸೇಜುಗಳನ್ನು ಬಿಟ್ಟಿದ್ದೇನೆ.

ಚಿಕ್ಕಪ್ಪ (7:42): ಬೆಕ್ಕು ಸಾಕಿದವರು ತಪ್ಪದೆ ನೋಡಿ. ಬೆಕ್ಕು ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ ಅನ್ನುವುದಕ್ಕೆ ಗುರುತುಗಳು.

ಕೆಳಗೆ ಎರಡು ನಿಮಿಷದ ವಿಡಿಯೋ. ಮೊದಲು ಒಂದು ಬೆಕ್ಕು ಮನೆಯವರ ಮುಖ ನೋಡುತ್ತಲೇ ಮೇಜಿನ ಮೇಲಿದ್ದ ಲೋಟವನ್ನು ತಳ್ಳಿ ಬೀಳಿಸುತ್ತದೆ. ಆಮೇಲೆ ಹಾಸಿಗೆ ಮೇಲೆ ಉಚ್ಚೆ ಹೊಯ್ದ ಬೆಕ್ಕು. ಅದರ ಮೂಗನ್ನು ಅಲ್ಲೇ ಉಜ್ಜಿದರೆ ಬುದ್ಧಿ ಬರುತ್ತದೆ ಅಂತ ಹಿಂದಿನಿಂದ ಒಂದು ದನಿ ಹೇಳುತ್ತದೆ. ಕೊನೆಗೆ, ತಿನ್ನುತ್ತಿರುವ ಬೆಕ್ಕಿನ ಹಿಂದೆ ಸದ್ದಿಲ್ಲದೆ ಒಂದು ಸೌತೆಕಾಯಿ ಇಡುತ್ತಾರೆ. ಬೆಕ್ಕು ತಿರುಗಿ ನೋಡಿ ಆಳೆತ್ತರ ಎಗರುತ್ತದೆ. ನೀವೂ ಮಾಡಿ ನೋಡಿ ಅಂತ ಬರೆದು ಮುಗಿಸಿದ್ದಾರೆ.

ನಾನು: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಇದು ಪೂರ್ತಿ ತಪ್ಪು. ಸೇಡು ಇಟ್ಟುಕೊಂಡು ಕಾಯುವ ಪ್ರಾಣಿ ಅಲ್ಲ ಅದು. ಯಾರೂ ಬೆಕ್ಕಿನ ಮೂಗು ಉಜ್ಜಬೇಡಿ.

ಚಿಕ್ಕಪ್ಪ: ಸೇಡಿಲ್ಲದೆ ಮುಖ ನೋಡಿಕೊಂಡೇ ಲೋಟ ಬೀಳಿಸುತ್ತದಾ? ಮನುಷ್ಯರು ಯಾರಾದರೂ ಹಾಗೆ ಮಾಡಿದರೆ ಏನನ್ನುತ್ತೀಯ?

ನಾನು: ಬೆಕ್ಕಿನ ಜಾಗದಲ್ಲಿ ಮನುಷ್ಯರನ್ನು ಇಟ್ಟು ನೋಡುವುದೇ ತೊಂದರೆ. ನಮ್ಮ ಚುಕ್ಕಿ ಪೆನ್ನು ಬೀಳಿಸುವುದನ್ನು ಎಷ್ಟೋ ಸಲ ಸುಮ್ನೆ ಕೂತು ನೋಡಿದ್ದೇನೆ. ಮೊದಲು ಮುಂಗಾಲು ಎತ್ತಿ ಗಾಳಿಯಲ್ಲೇ ಹಿಡಿಯುತ್ತಾಳೆ. ಪೆನ್ನನ್ನು ಮುಟ್ಟಿ ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಕಾಯುತ್ತಾಳೆ. ಅದು ಅಲುಗಾಡದಿದ್ದರೆ ಮತ್ತೆ ಮುಟ್ಟುತ್ತಾಳೆ, ಈ ಸಲ ಸ್ವಲ್ಪ ಜೋರಾಗಿ. ಉರುಳಿದ ಕೂಡಲೇ ಎರಡೂ ಕಿವಿ ಮುಂದಕ್ಕೆ. ಬಿದ್ದ ಮೇಲೆ ಮೇಜಿನ ಅಂಚಿಗೆ ಬಂದು ಬಗ್ಗಿ ನೋಡುತ್ತಾಳೆ. ಹಿಡಿದ ಇಲಿಗೆ ಇನ್ನೂ ಜೀವ ಇದೆಯಾ ಅಂತ ಬೆಕ್ಕು ತಟ್ಟಿ ನೋಡುವುದೂ ಹೀಗೇ ಅಲ್ವಾ? ಇನ್ನು ಮುಖ ನೋಡುವುದು. ಹಿಂದೆ ಬೀಳಿಸಿದಾಗಲೆಲ್ಲ ನಾವು ಓಡಿ ಬಂದಿದ್ದೇವೆ. ಇದನ್ನು ತಳ್ಳಿದರೆ ಇವರು ಏಳುತ್ತಾರೆ ಅಂತ ಅದು ಕಲಿತಿದೆ, ಅಷ್ಟೇ.

ಚಿಕ್ಕಪ್ಪ: ನಾನು ಹೇಳಿದ್ದೂ ಅದೇ ತಾನೇ? ಬೇಕು ಅಂತಲೇ ಮಾಡುತ್ತದೆ.

ನಾನು: ಬೇಕು ಅಂತ ಮಾಡುವುದು ಬೇರೆ, ಸೇಡಿಗೆ ಮಾಡುವುದು ಬೇರೆ. ಮಗು ಬಂದು ನಿಮ್ಮ ಕೈ ಎಳೆಯುವುದಕ್ಕೆ ಸೇಡು ಅನ್ನುವುದಿಲ್ಲವಲ್ಲ.

ತಂಗಿ: ಅಕ್ಕ, ಆ ಸೌತೆಕಾಯಿಯದ್ದನ್ನು ನಾನೂ ಒಂದು ಸಲ ಮಾಡಿದ್ದೆ. ಮರಿ ಎಗರಿ ಗೋಡೆಗೆ ಹೊಡೆದುಕೊಂಡಿತು. ಆಮೇಲೆ ಎರಡು ದಿನ ಆ ಮೂಲೆಯಲ್ಲಿ ತಟ್ಟೆ ಇಟ್ಟರೆ ಹತ್ತಿರವೇ ಬರಲಿಲ್ಲ. ಈಗ ನೆನೆಸಿಕೊಂಡರೆ ಪಾಪ ಅನಿಸುತ್ತದೆ.

ನಾನು: ತಿನ್ನುವ ಜಾಗದಲ್ಲಿ ಬೆಕ್ಕು ನಿಶ್ಚಿಂತೆಯಿಂದ ಇರುತ್ತದೆ. ಅಲ್ಲೇ ಬೆನ್ನ ಹಿಂದೆ ಗೊತ್ತಿಲ್ಲದ್ದೊಂದು ಬಂದು ಕೂತರೆ ಹೆದರದೇ ಇರುತ್ತದಾ? ಸೌತೆಕಾಯಿಯೇ ಆಗಬೇಕು ಅಂತಿಲ್ಲ, ಏನಿಟ್ಟರೂ ಹಾಗೇ. 2015ರಲ್ಲಿ ಈ ವಿಡಿಯೋಗಳು ಎಲ್ಲ ಕಡೆ ಓಡಾಡಿದಾಗಲೇ ಬೆಕ್ಕಿನ ವರ್ತನೆ ಬಲ್ಲವರು ಬೇಡ ಅಂದಿದ್ದರು.

ಇಲ್ಲಿ ಅಜ್ಜಿಯ ಧ್ವನಿ ಸಂದೇಶ ಬಂತು. ಅವರು ಟೈಪ್ ಮಾಡುವುದಿಲ್ಲ. ಬೆಕ್ಕು ಕಾಲ ಹತ್ತಿರ ಬಂದು ಹೊಟ್ಟೆ ಮೇಲೆ ಮಾಡಿ ಹೊರಳುತ್ತದೆ, ಮುದ್ದಾಗಿದೆ ಅಂತ ಹೊಟ್ಟೆ ಸವರಿದರೆ ಪರಚುತ್ತದೆ, ಅದು ಯಾಕೆ ಅಂತ ಕೇಳಿದ್ದರು.

ನಾನು: ಅಜ್ಜಿ, ಹೊಟ್ಟೆ ಅದರ ಮೆತ್ತನೆಯ ಜಾಗ, ಏಟು ಬಿದ್ದರೆ ಉಳಿಯುವುದು ಕಷ್ಟ. ಅದನ್ನು ತೋರಿಸಿ ಮಲಗಿದರೆ ನಿಮ್ಮ ಹತ್ತಿರ ನನಗೆ ಭಯ ಇಲ್ಲ ಅಂತ. ಮುಟ್ಟು ಅಂತ ಅಲ್ಲ. ಕೆನ್ನೆ, ಗಲ್ಲ, ಕಿವಿ ಬುಡ ಸವರಿ. ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಕಾಲಿಗೆ, ಬಾಗಿಲ ಮೂಲೆಗೆ ಮುಖ ಉಜ್ಜಿ ಹೋಗುವುದು ಅದಕ್ಕೇ. ಇದು ನನ್ನ ಜಾಗ, ಇವರು ನನ್ನವರು ಅಂತ ಗುರುತು ಹಾಕಿಕೊಳ್ಳುತ್ತದೆ.

ಅತ್ತೆ: ನಮ್ಮ ಗುಂಡ ನನ್ನ ಮಡಿಲಿಗೆ ಬಂದು ಎರಡೂ ಮುಂಗಾಲಲ್ಲಿ ಹಿಟ್ಟು ನಾದಿದ ಹಾಗೆ ಒತ್ತುತ್ತಾನೆ. ಅದು?

ನಾನು: ಮರಿಯಾಗಿದ್ದಾಗ ಹಾಲು ಬರಲಿ ಅಂತ ಅಮ್ಮನ ಹೊಟ್ಟೆ ಒತ್ತುತ್ತಿದ್ದ ಅಭ್ಯಾಸ ಅತ್ತೆ. ದೊಡ್ಡವನಾದರೂ ಬಿಟ್ಟಿಲ್ಲ. ಉಗುರು ಚುಚ್ಚಿದರೆ ಒಂದು ದಪ್ಪ ಬಟ್ಟೆ ಹಾಕಿಕೊಳ್ಳಿ, ಬಯ್ಯಬೇಡಿ.

ಅಣ್ಣ: ನೀನು ಎಲ್ಲದಕ್ಕೂ ಪ್ರೀತಿ, ನಂಬಿಕೆ ಅನ್ನುತ್ತೀಯ. ಚಿಕ್ಕಪ್ಪ ಸೇಡು ಅಂದರೆ ತಪ್ಪು, ನೀನು ಪ್ರೀತಿ ಅಂದರೆ ಸರೀನಾ? ಎರಡೂ ನಾವೇ ಬೆಕ್ಕಿನ ಮೇಲೆ ಹೊರಿಸುವುದು. 2015ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದ್ದರು. ಮಕ್ಕಳು ಅಮ್ಮನನ್ನು ಹುಡುಕುವ ಹಾಗೆ ಬೆಕ್ಕು ತನ್ನ ರಕ್ಷಣೆಗೆ ಮನೆಯವರನ್ನು ನೆಚ್ಚಿಕೊಂಡಿರುವುದಿಲ್ಲ ಅಂತ ಅವರು ಹೇಳಿದ್ದು.

ಅಣ್ಣನ ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ಬರೆಯಲು ಸ್ವಲ್ಪ ಹೊತ್ತು ಹಿಡಿಯಿತು.

ನಾನು: ಅಣ್ಣ, ಅದು ನಿಜ. ಆದರೆ 2019ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಪರೀಕ್ಷೆ ಆಯಿತು. ಹೊಸ ಕೋಣೆಯಲ್ಲಿ ಬೆಕ್ಕು ಮತ್ತು ಮನೆಯವರು ಎರಡು ನಿಮಿಷ ಜೊತೆಗೆ. ಆಮೇಲೆ ಎರಡು ನಿಮಿಷ ಬೆಕ್ಕು ಒಂದೇ. ಆಮೇಲೆ ಮನೆಯವರು ವಾಪಸ್ ಬರುತ್ತಾರೆ. ಅವರು ಬಂದ ಮೇಲೆ ಸಮಾಧಾನಗೊಂಡು, ಅವರನ್ನೊಮ್ಮೆ ಮಾತಾಡಿಸಿ ಮತ್ತೆ ಕೋಣೆ ನೋಡಲು ಹೋದವು ನೂರಕ್ಕೆ ಸುಮಾರು 65. ಮನುಷ್ಯರ ಮಕ್ಕಳಲ್ಲೂ ಹೆಚ್ಚು ಕಡಿಮೆ ಅಷ್ಟೇ. ಎರಡು ಕಡೆಯವರು ಬೇರೆ ಬೇರೆ ರೀತಿ ಅಳೆದಿದ್ದಾರೆ. ಪ್ರೀತಿ ಅನ್ನುವ ಮಾತು ನಿನಗೆ ಜಾಸ್ತಿ ಅನಿಸಿದರೆ ಬಿಡೋಣ. ಒಂದು ಕೆಲಸ ಮಾಡಿ ನೋಡು. ಬೆಕ್ಕು ನಿನ್ನನ್ನು ನೋಡುತ್ತಿರುವಾಗ ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ ತೆರೆ. ಎಷ್ಟೋ ಸಲ ಅದೂ ಹಾಗೇ ಮಾಡುತ್ತದೆ. 2020ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ನೋಡಿದ್ದಾರೆ. ಪರಿಚಯ ಇಲ್ಲದವರು ಹಾಗೆ ಕಣ್ಣು ಮುಚ್ಚಿ ತೆರೆದು ಕೈ ಚಾಚಿದರೂ ಬೆಕ್ಕುಗಳು ಹತ್ತಿರ ಬರುವುದು ಹೆಚ್ಚಾಯಿತು.

ಅಣ್ಣ: ನೋಡುತ್ತೇನೆ. ಹತ್ತಿರ ಬಂದ ಮಾತ್ರಕ್ಕೆ ಪ್ರೀತಿ ಅಂತ ಒಪ್ಪುವುದಿಲ್ಲ.

ಅತ್ತೆ (9:20): ನೀವೇನೇ ಹೇಳಿ, ಗುಂಡ ಮಾತ್ರ ನಿನ್ನೆ ರಾತ್ರಿಯಿಂದ ನನ್ನ ಮೇಲೆ ಸಿಟ್ಟಾಗಿದ್ದಾನೆ. ಈ ವಾರ ಮನೆ ತುಂಬಾ ನೆಂಟರು, ಅವನನ್ನು ಮಾತಾಡಿಸಲು ಆಗಲಿಲ್ಲ. ಲಿಟರ್ ಬಾಕ್ಸಿಗೆ (ಉಚ್ಚೆ ಹೊಯ್ಯಲು ಮರಳಿನಂಥ ಪುಡಿ ಹಾಕಿಟ್ಟ ಡಬ್ಬಿ) ಹೋಗುತ್ತಾನೆ, ಸುಮ್ನೆ ಕೂತು ಎದ್ದು ಬರುತ್ತಾನೆ. ಈಗ ಬಚ್ಚಲಲ್ಲಿ ಹೋಗಿ ಕೂತಿದ್ದಾನೆ. ವಿಡಿಯೋದವರು ಹೇಳಿದ್ದು ಇವನಿಗೆ ಸರಿಯಾಗಿದೆ.

ನಾನು: ಅತ್ತೆ, ಲಿಟರ್ ಒದ್ದೆ ಆಗಿದೆಯಾ? ಈಗಲೇ ಹೋಗಿ ನೋಡಿ. ಕೈಯಲ್ಲೇ ಕೆದಕಿ ನೋಡಿ.

ಅತ್ತೆ: ಒಣಗಿದೆ. ಎಲ್ಲ ಕಡೆ ಕೆರೆದಿದ್ದಾನೆ, ಗುಂಡಿ ಗುಂಡಿ. ಉಚ್ಚೆ ಬಿದ್ದು ಗಟ್ಟಿಯಾದ ಉಂಡೆ ಒಂದೂ ಇಲ್ಲ.

ನಾನು: ಬಚ್ಚಲಲ್ಲಿ?

ಅತ್ತೆ: ನೆಲದ ಮೇಲೆ ಒಂದು ಹನಿ. ನಸುಗೆಂಪು. ಕೂತವನು ಬಾಲ ಅದುರಿಸುತ್ತಿದ್ದಾನೆ, ಬೆನ್ನು ಬಾಗಿದೆ. ಮಧ್ಯೆ ಮಧ್ಯೆ ಅಲ್ಲೇ ನೆಕ್ಕಿಕೊಳ್ಳುತ್ತಾನೆ.

ನಾನು: ಅತ್ತೆ, ಇದು ಸಿಟ್ಟಲ್ಲ. ಉಚ್ಚೆ ಕಟ್ಟಿದೆ. ಗಂಡು ಬೆಕ್ಕಿಗೆ ಮೂತ್ರದ ದಾರಿ ತುಂಬಾ ಸಣ್ಣ. ಹರಳೋ ಲೋಳೆಯೋ ಸಿಕ್ಕಿಕೊಂಡರೆ ಒಂದೆರಡು ಹನಿ ಬಿಟ್ಟು ಏನೂ ಹೊರಗೆ ಬರುವುದಿಲ್ಲ. ಈಗಲೇ ಪ್ರಾಣಿಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅಣ್ಣ: ಭಾನುವಾರ. ನಾಳೆ ಬೆಳಗ್ಗೆ ಹೋದರೆ ಆಗುವುದಿಲ್ಲವಾ? ಸುಮ್ನೆ ಅತ್ತೆಯನ್ನು ಹೆದರಿಸಬೇಡ.

ಅತ್ತೆ: ಎತ್ತಿಕೊಂಡರೆ ಗುರ್ ಗುರ್ ಅನ್ನುತ್ತಿದ್ದಾನೆ. ನೋವಿದ್ದರೆ ಹಾಗೆ ಅನ್ನುತ್ತಾನಾ?

ದೊಡ್ಡಮ್ಮ: ನೋವಿರಬಹುದು ಅಂದರೆ ಮಕ್ಕಳ ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಟ್ಟು ನೋಡು.

ನಾನು: ದೊಡ್ಡಮ್ಮ, ಬೇಡ. ದಯವಿಟ್ಟು ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಲಿವರಿಗೆ ಇಲ್ಲ. ಸ್ವಲ್ಪ ಹೋದರೂ ರಕ್ತ ಕೆಡುತ್ತದೆ, ಉಸಿರು ಕಟ್ಟುತ್ತದೆ. ಅತ್ತೆ, ಬೆಕ್ಕು ಖುಷಿಗೆ ಮಾತ್ರ ಗುರ್ ಅನ್ನುವುದಿಲ್ಲ. ನೋವಲ್ಲೂ ಅನ್ನುತ್ತದೆ, ಮರಿ ಹಾಕುವಾಗಲೂ ಅನ್ನುತ್ತದೆ. ಅದನ್ನು ನೋಡಿ ಸುಮ್ಮನಿರಬೇಡಿ. ಹೊಟ್ಟೆ ಒತ್ತಿ ನೋಡಬೇಡಿ, ಮೂತ್ರಕೋಶ ಒಡೆಯಬಹುದು. ಅಣ್ಣ, ನಾಳೆ ತನಕ ಕಾಯುವ ಹಾಗಿಲ್ಲ. ಉಚ್ಚೆ ಹೊರಗೆ ಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಒಂದೆರಡು ದಿನದ ಮಾತು ಅಷ್ಟೇ. ಗುಂಡನಿಗೆ ನಿನ್ನೆ ರಾತ್ರಿಯೇ ಶುರುವಾಗಿದೆ.

ಯಾರೂ ಏನೂ ಬರೆಯಲಿಲ್ಲ. ಆಗ ನಾನು, ಈ ಗುಂಪಿನಲ್ಲಿ ಅಲ್ಲಿಯವರೆಗೆ ಹೇಳದೇ ಇದ್ದದ್ದನ್ನು ಬರೆದೆ.

ನಾನು: ನಮ್ಮ ಮುತ್ತು ಹೋದದ್ದು ಹೀಗೇ. ಮೂರು ದಿನ ಸೋಫಾ ಹಿಂದೆ, ಬಾಗಿಲ ಹತ್ತಿರ, ಸಿಂಕಿನಲ್ಲಿ ಕೂತು ಬರುತ್ತಿದ್ದ. ಹಟ ಅಂದುಕೊಂಡೆವು. ನಾನೇ ಗದರಿಸಿದೆ, ರೂಮಿನಲ್ಲಿ ಕೂಡಿಹಾಕಿದೆ. ಕರೆದುಕೊಂಡು ಹೋದಾಗ ಮೈ ತಣ್ಣಗಾಗಿತ್ತು. ವಿಡಿಯೋ ನೋಡಿ ನನಗೆ ಕೋಪ ಬಂದದ್ದು ಅದಕ್ಕೆ ಚಿಕ್ಕಪ್ಪ. ಸೇಡು ಅಂದುಕೊಂಡರೆ ಆಮೇಲೆ ನಾವು ಹುಡುಕುವುದನ್ನೇ ನಿಲ್ಲಿಸುತ್ತೇವೆ.

ಚಿಕ್ಕಪ್ಪ (9:34): ಅಕ್ಕ, ನಾನು ಕಾರು ತೆಗೆಯುತ್ತಿದ್ದೇನೆ. ಹತ್ತು ನಿಮಿಷ. ಅವನನ್ನು ಬುಟ್ಟಿಯಲ್ಲಿ ಹಾಕಿ ಬಾಗಿಲ ಹತ್ತಿರ ನಿಂತಿರು.

ನಾನು: ಬುಟ್ಟಿ ಮೇಲೆ ಒಂದು ಬಟ್ಟೆ ಹೊದಿಸಿ ಅತ್ತೆ. ಕತ್ತಲಿದ್ದರೆ ಹೆದರಿಕೆ ಕಡಿಮೆ. ಹೊರಡುವಾಗಲೇ ಫೋನ್ ಮಾಡಿ, ಗಂಡು ಬೆಕ್ಕು, ಉಚ್ಚೆ ಕಟ್ಟಿದೆ ಅಂತ ಹೇಳಿ. ಅಷ್ಟು ಹೇಳಿದರೆ ಕಾಯಿಸುವುದಿಲ್ಲ.

ಹನ್ನೊಂದರವರೆಗೆ ಗುಂಪು ಮೌನ. ತಂಗಿ ಎರಡು ಸಲ ಏನಾಯಿತು ಅಂತ ಕೇಳಿದಳು.

ಚಿಕ್ಕಪ್ಪ (11:06): ಮೂತ್ರಕೋಶ ಕಲ್ಲಿನ ಹಾಗೆ ಗಟ್ಟಿಯಾಗಿತ್ತಂತೆ, ಕಿತ್ತಳೆ ಹಣ್ಣಿನಷ್ಟು. ಮಂಪರು ಕೊಟ್ಟು ಸಣ್ಣ ನಳಿಕೆ ಹಾಕಿ ಬಿಡಿಸಿದ್ದಾರೆ. ಡ್ರಿಪ್ ಹಾಕಿದ್ದಾರೆ. ಎರಡು ಮೂರು ದಿನ ಇಲ್ಲೇ ಇರಬೇಕು. ಇವತ್ತೇ ತಂದದ್ದು ಒಳ್ಳೆಯದಾಯಿತು ಅಂದರು ಡಾಕ್ಟರು.

ಅತ್ತೆ: ನನ್ನ ಮೇಲೆ ಸಿಟ್ಟು ಅಂತ ರಾತ್ರಿ ಹಾಸಿಗೆಯಿಂದ ಕೆಳಗೆ ಇಳಿಸಿಬಿಟ್ಟಿದ್ದೆ.

ನಾನು: ಹಾಗೆ ಯೋಚಿಸಬೇಡಿ. ನೀವು ನೋಡಿ ಹೇಳಿದ್ದಕ್ಕೇ ಉಳಿದ.

ತಂಗಿ: ಅಕ್ಕ, ನೆಂಟರು ಬಂದದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?

ನಾನು: ಇರಬಹುದು. ಗಲಾಟೆ, ಹೊಸ ಜನ, ಜಾಗ ಬದಲಾವಣೆ ಇದೆಲ್ಲ ಬೆಕ್ಕಿಗೆ ದೊಡ್ಡ ಒತ್ತಡ. ಕೆಲವಕ್ಕೆ ಅದರಿಂದಲೇ ಮೂತ್ರಕೋಶ ಊದಿಕೊಂಡು ಉರಿಯುತ್ತದೆ. ಅದಕ್ಕೇ ಸಿಂಕು, ಬಚ್ಚಲು ಅಂತ ನುಣುಪಾದ, ತಣ್ಣಗಿನ ಜಾಗ ಹುಡುಕುತ್ತವೆ. ಮನೆಗೆ ಬಂದ ಮೇಲೆ ಒಂದು ಬಾಕ್ಸಿನ ಬದಲು ಎರಡು ಇಡಿ ಅತ್ತೆ. ಎಷ್ಟು ಬೆಕ್ಕಿದೆಯೋ ಅದಕ್ಕಿಂತ ಒಂದು ಜಾಸ್ತಿ ಇರಬೇಕು. ತಿನ್ನುವ ತಟ್ಟೆಯಿಂದ ದೂರ, ಯಾರೂ ಓಡಾಡದ ಮೂಲೆಯಲ್ಲಿ. ನೆಂಟರು ಬಂದಾಗ ಅವನಿಗೆ ಒಂದು ಖಾಲಿ ರಟ್ಟಿನ ಡಬ್ಬಿ ಕೊಡಿ. ಅಡಗುವುದಕ್ಕೆ ಜಾಗ ಸಿಕ್ಕರೆ ಬೆಕ್ಕು ಬೇಗ ಸುಧಾರಿಸಿಕೊಳ್ಳುತ್ತದೆ. ನೀರು ಜಾಸ್ತಿ ಹೋಗಬೇಕು, ಒಣ ತಿಂಡಿ ಮಾತ್ರ ಸಾಲದು.

ಅಣ್ಣ: ನಾಳೆ ಅಂತ ಹೇಳಿದ್ದು ನನ್ನ ತಪ್ಪು. ಪ್ರೀತಿಯ ವಿಷಯದಲ್ಲಿ ಮಾತ್ರ ನನ್ನ ಮಾತು ಹಾಗೇ ಇದೆ.

ನಾನು: ಇರಲಿ ಅಣ್ಣ. ಅದನ್ನು ಆಮೇಲೆ ನಿಧಾನಕ್ಕೆ ಮಾತಾಡೋಣ.

ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಬೆಳಗಿನ ವಿಡಿಯೋ ಇದ್ದ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಇತ್ತು. ಚಿಕ್ಕಪ್ಪ ಅದರ ಬಗ್ಗೆ ಏನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಮಂಗಳವಾರ ನಳಿಕೆ ತೆಗೆದರು. ತಾನಾಗೇ ಉಚ್ಚೆ ಹೊಯ್ದರೆ ಮಾತ್ರ ಮನೆಗೆ ಕಳಿಸುತ್ತೇವೆ ಅಂದಿದ್ದರಂತೆ. ರಾತ್ರಿ ಆಸ್ಪತ್ರೆಯಲ್ಲೇ ಒಂದು ಸಲ ಹೊಯ್ದ ಅಂತ ಅತ್ತೆ ಬರೆದರು. ಬುಧವಾರ ಕರೆತರಲು ಚಿಕ್ಕಪ್ಪನೇ ಹೋದರು.

ಚಿಕ್ಕಪ್ಪ (ಬುಧವಾರ, 5:15): ಕಾರಿನಲ್ಲಿ ನನ್ನ ಟವೆಲ್ ಮೇಲೆ ಮಾಡಿಬಿಟ್ಟ. ಪೂರ್ತಿ ಒದ್ದೆ. ಕೆಂಪು ಇಲ್ಲ.

ಅತ್ತೆ: ಎಷ್ಟು ಅಗಲ ಇದೆ?

ಚಿಕ್ಕಪ್ಪ: ಒಂದು ತಟ್ಟೆಯಷ್ಟು. ಫೋಟೋ ಹಾಕುತ್ತೇನೆ ತಾಳು.