ಜಿಮ್ಮಿ ಸ್ಪಿಯರ್ಸ್ ಬಗ್ಗೆ ಯಾರಿಗಾದ್ರೂ ಗೊತ್ತಾ?

ಪ್ರಶ್ನೆ: 1911ರ ಎಫ್‌ಎ ಕಪ್ (ಇಂಗ್ಲೆಂಡಿನ ಫುಟ್‌ಬಾಲ್ ಟೂರ್ನಿ) ಬ್ರಾಡ್‌ಫರ್ಡ್ ಸಿಟಿ ಕ್ಲಬ್ ಗೆದ್ದಿದ್ದಂತೆ, ಗೋಲ್ ಹೊಡ್ದಿದ್ದು ಕ್ಯಾಪ್ಟನ್ ಸ್ಪಿಯರ್ಸ್ ಅಂತೆ, ಯಾರೀ ಪುಣ್ಯಾತ್ಮ, ಆಮೇಲೆ ಏನಾದ?

ಉತ್ತರ 1: ಗ್ಲಾಸ್ಗೋದವ್ನು, ಹುಟ್ಟಿದ್ದು 1886ರಲ್ಲಿ. ಸ್ಕಾಟ್ಲೆಂಡಿನ ಕ್ಲಬ್‌ಗಳಾದ ರೇಂಜರ್ಸ್, ಕ್ಲೈಡ್‌ಗೆಲ್ಲ ಆಡಿ ಬ್ರಾಡ್‌ಫರ್ಡ್‌ಗೆ ಬಂದ. ಫೈನಲ್ ಮೊದ್ಲು ಕ್ರಿಸ್ಟಲ್ ಪ್ಯಾಲೇಸಲ್ಲಿ 0-0, ಆಮೇಲೆ ಓಲ್ಡ್ ಟ್ರಾಫರ್ಡಲ್ಲಿ ರೀಪ್ಲೇ, ನ್ಯೂಕ್ಯಾಸಲ್ ಮೇಲೆ ಇವ್ನು ಹೊಡ್ದ ಒಂದೇ ಗೋಲಲ್ಲಿ ಮ್ಯಾಚ್ ಮುಗೀತು. ಆ ವರ್ಷ ಟ್ರೋಫಿನೂ ಹೊಸದು, ಮಾಡಿದ್ದೂ ಬ್ರಾಡ್‌ಫರ್ಡಿನ ಫಟೋರಿನಿ ಅನ್ನೋ ಕಂಪನಿನೇ, ಎಂಥಾ ಕಾಕತಾಳೀಯ ನೋಡಿ!

ಉತ್ತರ 2: 1912ರಲ್ಲಿ ಇವ್ನನ್ನ ಲೀಡ್ಸ್ ಸಿಟಿ ಕ್ಲಬ್ಬಿಗೆ ಕರ್ಕೊಂಡ್ ಹೋಗಿದ್ದು ಅಲ್ಲಿನ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್. ಸ್ಕಾಟ್ಲೆಂಡಿಗೆ ಆಡಿದ್ದು ಮಾತ್ರ ಒಂದೇ ಮ್ಯಾಚು, 1908ರಲ್ಲಿ ವೇಲ್ಸ್ ಮೇಲೆ, ನನ್ ಪ್ರಕಾರ ಅನ್ಯಾಯ.

ಉತ್ತರ 3: ಮೊದಲ ಮಹಾಯುದ್ಧ ಶುರುವಾದ್ಮೇಲೆ ಬ್ರಿಟಿಷ್ ಸೇನೆಯ ಕ್ಯಾಮರನ್ ಹೈಲ್ಯಾಂಡರ್ಸ್ ರೆಜಿಮೆಂಟ್ ಸೇರ್ದ, ಶೌರ್ಯಕ್ಕೆ ಕೊಡೋ ಮಿಲಿಟರಿ ಮೆಡಲ್ಲೂ ಬಂತು. 1917ರ ಆಗಸ್ಟಲ್ಲಿ ಬೆಲ್ಜಿಯಂನಲ್ಲಿ ಸತ್ತೋದ, ಬರೀ 31 ವಯಸ್ಸು.