ಎಚ್‌ಡಿ 172555 ರೋಹಿತದ ಉಬ್ಬು 9.3 ಮೈಕ್ರಾನ್‌ನಲ್ಲಿ ಬರುತ್ತಿದೆ, ಸರಿಪಡಿಸುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ಸ್ಪಿಟ್ಜರ್ ದೂರದರ್ಶಕದ ಸಾರ್ವಜನಿಕ ದತ್ತಾಂಶದಿಂದ ಎಚ್‌ಡಿ 172555 ನಕ್ಷತ್ರದ ಅವಕೆಂಪು ರೋಹಿತವನ್ನು ಇಳಿಸಿಕೊಂಡು, ನಕ್ಷತ್ರದ ಸ್ವಂತ ಬೆಳಕನ್ನು ಕಳೆದು, ಧೂಳಿನ ಪಾಲನ್ನಷ್ಟೇ ಗ್ರಾಫ್‌ಗೆ ಹಾಕಿದ್ದೇನೆ. ಸಿಲಿಕೇಟ್ ಧೂಳಿನ ಉಬ್ಬು 10 ಮೈಕ್ರಾನ್ ಆಸುಪಾಸಿನಲ್ಲಿ ಇರಬೇಕೆಂದು ಓದಿದ್ದೇನೆ, ಆದರೆ ಇಲ್ಲಿ ಅದರ ತುದಿ 9.3ರಲ್ಲಿದೆ. 14 ಮೈಕ್ರಾನ್ ಬಳಿ ರೇಖೆ ಥಟ್ಟನೆ ಮೇಲೇರುತ್ತದೆ. ತರಂಗಾಂತರದ ಅಳತೆ ತಪ್ಪಿದೆಯೆಂದು ಭಾವಿಸಿ ಇಡೀ ರೋಹಿತವನ್ನು 0.7 ಮೈಕ್ರಾನ್ ಬಲಕ್ಕೆ ಸರಿಸಬಹುದೇ?

ಉತ್ತರ:
ದಯವಿಟ್ಟು ಸರಿಸಬೇಡಿ. ನೀವು ದೋಷವೆಂದುಕೊಂಡಿರುವ 9.3ರ ತುದಿಯೇ ಈ ನಕ್ಷತ್ರದ ಮುಖ್ಯ ಸುದ್ದಿ.

14ರ ಜಿಗಿತ ಸ್ಪಿಟ್ಜರ್‌ನ ರೋಹಿತ ಅಳೆಯುವ ಉಪಕರಣದ್ದು. ಅದು ಕಿರುತರಂಗ, ದೀರ್ಘತರಂಗ ಎಂಬ ಎರಡು ಭಾಗಗಳಲ್ಲಿ ಅಳೆಯುತ್ತದೆ. ಕಿರುತರಂಗ ಭಾಗಕ್ಕೆ ಬೆಳಕು ಒಳಬರುವ ಸೀಳುಗಂಡಿಯ ಅಗಲ ಸುಮಾರು 3.6 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್), ದೀರ್ಘತರಂಗದ್ದು 10ಕ್ಕಿಂತ ಹೆಚ್ಚು. ನಕ್ಷತ್ರ ನಡುವಿನಿಂದ ತುಸು ಸರಿದರೂ ಕಿರಿದಾದ ಗಂಡಿಯಲ್ಲಿ ಬೆಳಕು ಸೋರಿಹೋಗುತ್ತದೆ. ಎರಡೂ ಭಾಗಗಳು ಸೇರುವಲ್ಲಿ ಹೊಂದುವಂತೆ ಕಿರುತರಂಗ ಭಾಗವನ್ನು ಒಂದೇ ಗುಣಕದಿಂದ ಹೆಚ್ಚಿಸಿದರೆ ಸಾಕು.

ತುದಿಯ ಸ್ಥಾನ ಮಾತ್ರ ಅದರಿಂದ ಬದಲಾಗದು. ಆ ಉಪಕರಣ 9.5 ಮೈಕ್ರಾನ್ ಬಳಿ ಸುಮಾರು 0.1 ಮೈಕ್ರಾನ್ ಅಂತರವನ್ನು ಬಿಡಿಸಿ ತೋರಿಸಬಲ್ಲದು, 0.7ರಷ್ಟು ತಪ್ಪು ಅದರ ಅಳತೆಯಲ್ಲಿ ನುಸುಳುವುದು ಅಸಂಭವ. ಆಲಿವಿನ್ ಎಂಬ ಸಿಲಿಕೇಟ್ ಖನಿಜದ ಮಾದರಿಯ ಸಾಮಾನ್ಯ ಧೂಳು 10ರ ಹತ್ತಿರ, ಅದೇ ಗುಂಪಿನ ಸ್ಫಟಿಕ ರೂಪದ ಫೋರ್ಸ್ಟರೈಟ್ 11.3ರ ಹತ್ತಿರ ಹೊಳೆಯುತ್ತವೆ. 9ರ ಕಡೆಗೆ ವಾಲಿದ ತುದಿ ಸಿಲಿಕಾದ (ಸಿಲಿಕಾನ್ ಡೈಆಕ್ಸೈಡ್) ಗುರುತು, ಅದರಲ್ಲೂ ಗಾಜಿನಂಥ ಸಿಲಿಕಾದ್ದು. ಬಂಡೆ ಕರಗಿ, ಆವಿಯಾಗಿ, ಬೇಗನೆ ತಣಿದಾಗ ಅಂಥ ಧೂಳು ಹುಟ್ಟುತ್ತದೆ. ಸೆಕೆಂಡಿಗೆ 10 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ದೊಡ್ಡ ಕಾಯಗಳು ಡಿಕ್ಕಿ ಹೊಡೆದಿರಬೇಕೆಂದು 2009ರ ವಿಶ್ಲೇಷಣೆ ತೀರ್ಮಾನಿಸಿದ್ದು ಇದೇ ಆಧಾರದ ಮೇಲೆ. ಸುಮಾರು 2 ಕೋಟಿ ವರ್ಷ ವಯಸ್ಸಿನ ನಕ್ಷತ್ರದ ಸುತ್ತ ಗ್ರಹಗಳು ಇನ್ನೂ ರೂಪುಗೊಳ್ಳುತ್ತಿರುವಾಗ ಇಂಥ ಘಟನೆ ನಿರೀಕ್ಷಿತವೇ. ಅಲ್ಮಾ ದೂರದರ್ಶಕ ಅಲ್ಲಿಯೇ ಇಂಗಾಲದ ಮಾನಾಕ್ಸೈಡ್ ಅನಿಲದ ಉಂಗುರವನ್ನು ಕಂಡ ವರದಿ 2021ರಲ್ಲಿ ಬಂದ ಮೇಲೆ ಆ ವಾದಕ್ಕೆ ಬಲ ಬಂದಿದೆ.

ಒಂದನ್ನು ಮಾತ್ರ ಪರೀಕ್ಷಿಸಿ. ನಕ್ಷತ್ರದ ಮಾದರಿ ರೇಖೆಯನ್ನು ಎಲ್ಲಿ ಹೊಂದಿಸಿದಿರಿ? 8ರಿಂದ 12ರ ನಡುವೆ ಹೊಂದಿಸಿದ್ದರೆ ಧೂಳಿನ ಬೆಳಕಿನ ಒಂದಿಷ್ಟು ಭಾಗವೂ ನಕ್ಷತ್ರದ ಲೆಕ್ಕಕ್ಕೆ ಸೇರಿ, ಉಬ್ಬು ಕುಗ್ಗಿಬಿಡುತ್ತದೆ. 2.2 ಮೈಕ್ರಾನ್‌ನ ಅಳತೆಗೆ ಹೊಂದಿಸುವುದು ಸುರಕ್ಷಿತ.

ಪ್ರಶ್ನೆ:
9ರ ಬಳಿಯೇ ಹೊಂದಿಸಿದ್ದೆ. 2.2ಕ್ಕೆ ಬದಲಿಸಿದ ಮೇಲೆ ಉಬ್ಬು ಎತ್ತರವಾಗಿದೆ, ತುದಿ 9.3ರಲ್ಲೇ ಇದೆ. ಸಿಲಿಕಾ ಎಂದು ಖಚಿತವಾಗಿ ಹೇಳಬಹುದೇ?

ಉತ್ತರ:
ಒಂದೇ ಉಬ್ಬಿನಿಂದ ಹೇಳುವುದು ಅವಸರವಾಗುತ್ತದೆ. ಸಿಲಿಕಾ 20 ಮೈಕ್ರಾನ್ ಆಸುಪಾಸಿನಲ್ಲೂ ಅಗಲವಾದ ಉಬ್ಬನ್ನು ತೋರುತ್ತದೆ. ಸರಿಪಡಿಸಿದ ಕಿರುತರಂಗ ಭಾಗದ ಜೊತೆ ದೀರ್ಘತರಂಗ ಭಾಗವನ್ನೂ ಅದೇ ಗ್ರಾಫ್‌ನಲ್ಲಿ ಸೇರಿಸಿ ಇಲ್ಲಿ ಹಾಕಿ. ಹೋಲಿಕೆಗೆ, ಧೂಳಿನ ತಟ್ಟೆಯಿರುವ ಇನ್ನೊಂದು ಎಳೆಯ ನಕ್ಷತ್ರವಾದ ಬೀಟಾ ಪಿಕ್ಟೋರಿಸ್‌ನ ರೋಹಿತವನ್ನೂ ಜೊತೆಗಿಡಿ.