ಕಾಡು ದಾಟಿ ಹೊಳೆದಂಡೆ ಹಿಡಿಯುವ 9 ಕಿ.ಮೀ. ನಡಿಗೆ: ಎಷ್ಟು ಹೊತ್ತು ಬೇಕು, ಯಾವ ಕಡೆಯಿಂದ ಶುರು ಮಾಡಬೇಕು?

ಹಸಿರುದಾರಿ (ಪ್ರಶ್ನೆ)

ಹೊರಟ ಜಾಗಕ್ಕೇ ಸುತ್ತಿ ಬರುವ ಹಾದಿ. ಒಟ್ಟು 9 ಕಿ.ಮೀ. ಅದರಲ್ಲಿ ಕಾಡಿನೊಳಗೆ 3.5, ಹೊಳೆದಂಡೆಯಲ್ಲಿ 4, ಉಳಿದ ಒಂದೂವರೆ ಹೊಲಗಳ ನಡುವಿನ ಬಂಡಿದಾರಿ. ಏರು ಎಲ್ಲಾ ಸೇರಿ 120 ಮೀಟರ್. ಜೊತೆಗೆ 66 ವರ್ಷದ ಅಮ್ಮ, 8 ವರ್ಷದ ಮಗ ಇರ್ತಾರೆ. ಆ್ಯಪ್‌ನಲ್ಲಿ ‘ಸುಲಭ, 2 ಗಂಟೆ’ ಅಂತಿದೆ. ಇದನ್ನ ನಂಬಬಹುದಾ? ಕಾಡು ಮೊದಲು ಮುಗಿಸೋದು ಒಳ್ಳೇದಾ, ಹೊಳೆನಾ? ಒಂದು ವಾರದಿಂದ ಬಿಟ್ಟು ಬಿಟ್ಟು ಮಳೆ ಬೀಳ್ತಿದೆ. ಮಾಮೂಲಿ ಸ್ಪೋರ್ಟ್ಸ್ ಶೂ ಸಾಕಾಗುತ್ತಾ?

ನಕ್ಷೆಪ್ರಿಯ

ಆ 2 ಗಂಟೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ಗಂಟೆಗೆ ಸುಮಾರು 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. 9 ಕಿ.ಮೀ.ಗೆ 1 ಗಂಟೆ 48 ನಿಮಿಷ, 120 ಮೀಟರ್ ಏರಿಗೆ 12 ನಿಮಿಷ. ಇದು ಗಟ್ಟಿಮುಟ್ಟಾದ ವಯಸ್ಕರು ಒಳ್ಳೆ ಹಾದಿಯಲ್ಲಿ ಎಲ್ಲೂ ನಿಲ್ಲದೆ ನಡೆದರೆ ಹಿಡಿಯೋ ಹೊತ್ತು.

ನಿಮ್ಮ ತಂಡಕ್ಕೆ ಗಂಟೆಗೆ 3 ಕಿ.ಮೀ. ಹಿಡೀರಿ. ನಡಿಗೆಗೆ 3 ಗಂಟೆ, ಏರಿಗೆ ಅದೇ 12 ನಿಮಿಷ, ಗಂಟೆಗೊಮ್ಮೆ 10 ನಿಮಿಷದ ವಿರಾಮ, ಊಟಕ್ಕೆ ಅರ್ಧ ಗಂಟೆ. ನಾಲ್ಕು ಗಂಟೆ ದಾಟುತ್ತೆ. ಕೆಸರಿದ್ದರೆ ಇನ್ನೂ ಅರ್ಧ ಗಂಟೆ ಸೇರಿಸಿ, ಯಾಕಂದ್ರೆ ಕೆಸರಲ್ಲಿ ಹೆಜ್ಜೆ ಗಿಡ್ಡ ಆಗುತ್ತೆ, ಮಗು ಪ್ರತಿ ಗುಂಡಿ ಸುತ್ತಿಕೊಂಡು ಬರಬೇಕಾಗುತ್ತೆ.

ಮುಖ್ಯವಾದ ಮಾತೊಂದಿದೆ. ಸುತ್ತುಹಾದಿಯಲ್ಲಿ ಅರ್ಧ ದಾಟಿದ ಮೇಲೆ ವಾಪಸ್ ತಿರುಗೋದೇ ದೂರ. ಹಾಗಾಗಿ ಹೊರಡೋಕೆ ಮುಂಚೆಯೇ ನಕ್ಷೆಯಲ್ಲಿ ಹೊಳೆದಂಡೆಯಿಂದ ರಸ್ತೆಗೆ ಅಥವಾ ಬಂಡಿದಾರಿಗೆ ಕೂಡುವ ಅಡ್ಡಹಾದಿಗಳನ್ನ ಗುರುತು ಮಾಡಿಕೊಳ್ಳಿ. ಅಮ್ಮನಿಗೆ ಮಂಡಿ ನೋವು ಶುರುವಾದರೆ ಬೇಕಾಗೋದು ಅದೇ.

1:50,000 ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ., 1:25,000ರಲ್ಲಿ 4 ಸೆಂ.ಮೀ. ಸಾಧ್ಯವಾದರೆ ಎರಡನೆಯದನ್ನೇ ಇಟ್ಟುಕೊಳ್ಳಿ, ಹೊಳೆಯ ಸಣ್ಣ ತಿರುವುಗಳೂ ಕಾಣ್ತವೆ. ಫೋನ್‌ಗೂ ನಕ್ಷೆ ಮೊದಲೇ ಇಳಿಸಿಕೊಳ್ಳಿ. ದಟ್ಟ ಮರಗಳ ಕೆಳಗೆ ಜಿಪಿಎಸ್ ಸಂಕೇತ ಕೊಂಬೆಗಳಿಗೆ ಬಡಿದು ಚೆದುರುತ್ತೆ, ಚುಕ್ಕೆ ಹಾದಿಯಿಂದ ಹತ್ತಿಪ್ಪತ್ತು ಮೀಟರ್ ಆಚೆ ತೋರಿಸಬಹುದು. ಕವಲಿನಲ್ಲಿ ಚುಕ್ಕೆಯನ್ನಲ್ಲ, ನೆಲವನ್ನ ನೋಡಿ ತೀರ್ಮಾನಿಸಿ.

ದಂಡೆಯವನು

ಹೊಳೆ ಭಾಗದ ಬಗ್ಗೆ ಹೇಳ್ತೀನಿ. ‘ಸುಲಭ’ ಅನ್ನೋ ಗುರುತು ಬರೀ ಏರಿಳಿತ ನೋಡಿ ಹಾಕಿದ್ದಿರಬಹುದು, ಮಳೆ ಬಿದ್ದ ವಾರದಲ್ಲಿ ದಂಡೆ ಹೇಗಿರುತ್ತೆ ಅನ್ನೋದು ಅದರಲ್ಲಿ ಬರಲ್ಲ.

ತಿರುವಿನ ಹೊರಬದಿಯಲ್ಲಿ ನೀರು ವೇಗವಾಗಿ ಹೋಗುತ್ತೆ, ದಂಡೆಯ ಬುಡ ಕೊರೆಯುತ್ತೆ. ಮೇಲಿಂದ ನೋಡಿದರೆ ಹುಲ್ಲು ಹಾಸಿದ ಗಟ್ಟಿ ನೆಲ, ಕೆಳಗೆ ಪೊಳ್ಳು. ದಂಡೆಗೆ ಸಮಾನಾಂತರವಾಗಿ ಬಿರುಕು ಕಂಡರೆ, ಮರ ನೀರಿನ ಕಡೆ ವಾಲಿದ್ದರೆ, ಆ ಮಣ್ಣು ಕುಸಿಯೋ ಹಾದಿಯಲ್ಲಿದೆ ಅಂತ ಅರ್ಥ. ಬಿರುಕಿನಿಂದ ಒಳಬದಿಗೇ ನಡೀರಿ. ಬಿರುಕಿಲ್ಲದಿದ್ದರೂ ಅಂಚಿಂದ ಎರಡು ಮೀಟರ್ ದೂರ ಇರಿ, ಮಗನನ್ನ ಹೊಳೆಯಿಂದ ದೂರದ ಮಗ್ಗುಲಲ್ಲಿ ನಡೆಸಿ. ತಿರುವಿನ ಒಳಬದಿಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ನೀರು ನಿಧಾನ, ಮರಳು ಹೂಳು ತಂದು ಬಿಡುತ್ತೆ. ಕೂರೋಕೆ ಅದೇ ಒಳ್ಳೆ ಜಾಗ, ಆದರೆ ಹೊಸ ಹೂಳಿನ ಮೇಲೆ ಕಾಲಿಟ್ಟರೆ ಪಾದ ಹುಗಿಯುತ್ತೆ, ಕೋಲಿನಿಂದ ಒತ್ತಿ ನೋಡಿ.

ಬಿಸಿಲಿದೆ ಅಂತ ನೀರು ಏರಲ್ಲ ಅಂದುಕೊಳ್ಳಬೇಡಿ. ಮೇಲ್ಭಾಗದಲ್ಲಿ ಬಿದ್ದ ಮಳೆ ಕೆಳಗೆ ಬರೋಕೆ ಗಂಟೆಗಟ್ಟಲೆ ಹಿಡಿಯುತ್ತೆ. ಮೇಲೆ ಅಣೆಕಟ್ಟಿದ್ದರೆ ಮಳೆಯೇ ಇಲ್ಲದೆಯೂ ನೀರು ಬಿಡಬಹುದು. ಊಟಕ್ಕೆ ಕೂತಾಗ ನೀರಿನ ಅಂಚಲ್ಲಿ ಒಂದು ಕಡ್ಡಿ ನೆಟ್ಟು ಹತ್ತು ನಿಮಿಷ ಬಿಟ್ಟು ನೋಡಿ. ತಿಳಿಯಾಗಿದ್ದ ನೀರು ಕದಡಿತು, ತರಗೆಲೆ ಕಡ್ಡಿ ತೇಲಿ ಬರತೊಡಗಿತು, ಸದ್ದು ಜೋರಾಯ್ತು ಅಂದರೆ ತಟ್ಟೆ ಬಟ್ಟಲು ಆಮೇಲೆ, ಮೊದಲು ಎತ್ತರಕ್ಕೆ ಹೋಗಿ.

ಸಹಾಯಕ್ಕೆ ಯಾರಿಗಾದರೂ ಜಾಗ ಹೇಳಬೇಕಾದರೆ ಎಡದಂಡೆ, ಬಲದಂಡೆ ಅನ್ನೋದು ನೀರು ಹರಿಯೋ ದಿಕ್ಕಿಗೆ ಮುಖ ಮಾಡಿ ನಿಂತಾಗಿನ ಎಡ, ಬಲ.

ಕಾಡುಕೋಲು

ಕಾಡು ಮೊದಲು. ಕಾಡಲ್ಲಿ ಕವಲು ಜಾಸ್ತಿ, ದೂರದ ಗುರುತು ಕಾಣಲ್ಲ. ಸೂರ್ಯ ಮುಳುಗೋಕೆ ಅರ್ಧ ಗಂಟೆ ಇರುವಾಗಲೇ ಮರಗಳ ಕೆಳಗೆ ಮಬ್ಬು ಕವಿಯುತ್ತೆ. ತಲೆ ಚುರುಕಾಗಿರುವಾಗ ಅದನ್ನ ಮುಗಿಸಿಬಿಟ್ಟರೆ ಆಮೇಲೆ ಹೊಳೆಯೇ ದಾರಿ ತೋರಿಸುತ್ತೆ. ಸುಡು ಬಿಸಿಲಿನ ದಿನಗಳಲ್ಲಿ ಮಾತ್ರ ತಿರುಗಿಸಿ: ಬೆಳಗಿನ ತಂಪಲ್ಲಿ ಬಯಲಾದ ದಂಡೆ, ನಡು ಮಧ್ಯಾಹ್ನ ನೆರಳು.

ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ಸಿಪ್ಪೆ ಸವೆದ ಬೇರು ಓರೆಯಾಗಿ ಇಳಿಜಾರಲ್ಲಿದ್ದರೆ ಎಂಥ ಶೂ ಆದರೂ ಜಾರುತ್ತೆ. ಹಲಗೆ ಸೇತುವೆಯ ಮೇಲೆ ಪಾಚಿ ಇರುತ್ತೆ, ಪಾದ ಪೂರ್ತಿ ಊರಿ ಗಿಡ್ಡ ಹೆಜ್ಜೆ ಹಾಕಿ. ಹಲಗೆಗೆ ಮೊಳೆ ಹೊಡೆದ ಸಾಲಿನ ಮೇಲೆ ನಡೆದರೆ ಕೆಳಗೆ ತೊಲೆ ಇರುತ್ತೆ, ಹಲಗೆ ಮುರಿಯೋ ಭಯ ಕಡಿಮೆ. ಕೂರೋ ಮುಂಚೆ ತಲೆ ಎತ್ತಿ ನೋಡಿ, ಒಣಗಿದ ಕೊಂಬೆಯ ಕೆಳಗೆ ಬೇಡ. ಗಾಳಿ ಜೋರಿದ್ದರೆ ಕಾಡಿನ ಭಾಗವನ್ನೇ ಬಿಡಿ.

ಸ್ಪೋರ್ಟ್ಸ್ ಶೂ ಸಾಕು, ಅಡಿಯ ಗೀರುಗಳು ಸವೆದಿರಬಾರದು ಅಷ್ಟೇ. ಶೂಗಿಂತ ಕಾಲುಚೀಲ ಮುಖ್ಯ. ಹತ್ತಿಯದು ನೆಂದರೆ ಒಣಗಲ್ಲ, ಒದ್ದೆ ಚರ್ಮ ಉಜ್ಜಿ ಬೊಬ್ಬೆ ಏಳುತ್ತೆ. ಉಣ್ಣೆಯದೋ ಸಿಂಥೆಟಿಕ್ಕೋ ಹಾಕಿ, ತಲಾ ಒಂದು ಜೊತೆ ಹೆಚ್ಚುವರಿ ಇರಲಿ. ಹಿಮ್ಮಡಿ ಬಿಸಿ ಅನ್ನಿಸಿದ ಕೂಡಲೇ ನಿಂತು ಟೇಪ್ ಅಂಟಿಸಿ. ಅಮ್ಮನಿಗೆ ಕೋಲು ಕೊಡಿ: ಸಮನೆಲದಲ್ಲಿ ಹಿಡಿದಾಗ ಮೊಣಕೈ ಲಂಬಕೋನಕ್ಕೆ ಬರಬೇಕು, ಇಳಿಜಾರಿಗೆ ಐದು ಸೆಂ.ಮೀ. ಉದ್ದ ಮಾಡಿ. ನೀರು ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್, ಅಂದರೆ ತಲಾ ಎರಡು ಲೀಟರ್. ಮಗನಿಗೆ ಸ್ವಲ್ಪ ಕಡಿಮೆ ಸಾಕು. ಹೊಳೆ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸದೆ ಕುಡಿಯಬೇಡಿ.

ಹಸಿರುದಾರಿ

ತುಂಬಾ ಉಪಯೋಗ ಆಯ್ತು, ಕಾಡಿನ ಕಡೆಯಿಂದಲೇ ಹೊರಡ್ತೀವಿ. ಒಂದು ಸಂದೇಹ ಉಳೀತು. ದಂಡೆ ಭಾಗದಲ್ಲಿ ಒಂದು ಉಪಹಳ್ಳ ಸೇರುತ್ತೆ, ದಾಟೋಕೆ ಸಾಲುಗಲ್ಲು ಇವೆ ಅಂತ ನಕ್ಷೆಯಲ್ಲಿದೆ. ನೀರು ಕಲ್ಲಿನ ಮೇಲೆ ಹರೀತಿದ್ದರೆ?

ದಂಡೆಯವನು

ದಾಟಬೇಡಿ. ಹರಿವಿನ ವೇಗ ಎರಡರಷ್ಟಾದರೆ ಕಾಲಿಗೆ ಬೀಳೋ ಒತ್ತಡ ನಾಲ್ಕರಷ್ಟಾಗುತ್ತೆ, ಅದಕ್ಕೇ ಗೇಣುದ್ದ ಆಳದ ರಭಸದ ನೀರೂ ದೊಡ್ಡವರನ್ನ ಕೆಡವಬಲ್ಲದು. ಮಗುವನ್ನ ಹೆಗಲ ಮೇಲೆ ಕೂರಿಸಿ ದಾಟೋದು ಇನ್ನೂ ಅಪಾಯ, ಭಾರ ಮೇಲೇರಿ ಸಮತೋಲ ತಪ್ಪುತ್ತೆ. ಹಳ್ಳದ ಗುಂಟ ಮೇಲಕ್ಕೆ ಹೋದರೆ ಸೇತುವೆ ಇದೆಯಾ ಅಂತ ಮನೆಯಲ್ಲೇ ನಕ್ಷೆಯಲ್ಲಿ ಹುಡುಕಿಡಿ. ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನ ಕೂಡಿಸೋ ಗೆರೆಗಳು) ಹಳ್ಳ ದಾಟುವಲ್ಲಿ ಚೂಪಾಗಿ ಮಡಚಿರ್ತವೆ, ಆ ಚೂಪು ಇರೋ ಕಡೆಯೇ ಮೇಲ್ದಿಕ್ಕು. ಸೇತುವೆ ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್, ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಹೊರಡಿ. ಕಲ್ಲುಗಳು ನೀರಿಂದ ಮೇಲಿದ್ದರೂ ಕಪ್ಪಗೆ ಹೊಳೆಯೋವನ್ನ ಬಿಟ್ಟು ಒಣಗಿದ್ದರ ಮೇಲೆ ಕಾಲಿಡಿ.

ಕಾಡುಕೋಲು

ಸೇರಿಸೋದು ಇಷ್ಟೇ: ಹುಲ್ಲಿನ ಹಾದಿ ಇರೋದರಿಂದ ವಾಪಸ್ ಬಂದ ಮೇಲೆ ಉಣುಗು ಹತ್ತಿದೆಯಾ ನೋಡಿ. ಮಂಡಿ ಹಿಂಭಾಗ, ತೊಡೆಸಂದು, ಕಂಕುಳು, ಮಗನಿಗೆ ಕಿವಿ ಹಿಂದೆ ಮತ್ತು ಕೂದಲಂಚು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ನಿಧಾನವಾಗಿ ಎಳೀರಿ. ಎಣ್ಣೆ, ಬೆಂಕಿ ಬೇಡ. ತೆಗೆದ ತಾರೀಖು ಬರೆದಿಟ್ಟುಕೊಳ್ಳಿ, ಮುಂದಿನ ವಾರಗಳಲ್ಲಿ ಜ್ವರ ಬಂದರೆ ಅಥವಾ ಅಲ್ಲಿ ಕೆಂಪು ಹರಡಿದರೆ ಡಾಕ್ಟರಿಗೆ ಅದನ್ನ ಹೇಳಬೇಕಾಗುತ್ತೆ.